ಹಗೇವಿನೊಳಗಿನ ಗುಡ್ಡ

ಶಿವಕುಮಾರಿ ಗಾಜಿನ ತೊಟ್ಟಿಯ ಮೂಲೆಯಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟುಕೊಂಡಳು.

ಅರಣ್ಯ ಕಚೇರಿಯ ಮೇಜಿನಾಚೆ ಕೂತಿದ್ದ ಅಧಿಕಾರಿ ಅನಿಲಕುಮಾರ ಚಹಾದ ಕಪ್ಪನ್ನು ಬಾಯಿಗೆ ಒಯ್ಯುತ್ತಿದ್ದವನು ಅರ್ಧದಲ್ಲೇ ಕೈ ತಡೆದ.

“ಮೇಡಂ, ಅದು ಪಂಚನಾಮ ಆದ ಸಾಮಾನ್ರಿ. ಅದರ ಮ್ಯಾಲ ಹಲ್ಲಿ ಓಡಾಡೈತಿ.”

“ಈ ಹಲ್ಲಿ ಒಂದೇ ಮೂಲ್ಯಾಗ ಹೊಲಸು ಮಾಡತೈತ್ರಿ. ಆ ಮೂಲಿ ಬಿಟ್ಟು ತಗೊಂಡೀನಿ.”

ಆಕೆ ಕಣ್ಣು ಮುಚ್ಚಿ, ಹೊಸ ಬೆಲ್ಲದ ರುಚಿ ನೋಡುವವಳಂತೆ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿದಳು. ಮೊದಲು ಉಪ್ಪು ಬಂತು. ಅದರ ಹಿಂದೆಯೇ ಸೋಪಿನ ನೀರಿನಂಥ ಒಂದು ಜಾರು ರುಚಿ. ಕಿಟಕಿಯಾಚೆ ಉಗುಳಿ, ಬಾಟಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬಂದಳು.

“ಸವಳು ಮಣ್ಣು. ಈ ತೊಟ್ಟಿ ಅಜೀಮ ಕಟ್ಟಿದ್ದಲ್ಲ.”

ನಿನ್ನೆ ಸಿಂಧನೂರಿನಲ್ಲಿ ಅಜೀಮನ ಬಣ್ಣದ ಮೀನಿನ ಅಂಗಡಿಯ ಕಾಗದಪತ್ರ ನೋಡಲು ಹೋದ ಅರಣ್ಯ ಇಲಾಖೆಯವರಿಗೆ ಹಿಂದಿನ ಕೋಣೆಯಲ್ಲಿ ಈ ತೊಟ್ಟಿ ಸಿಕ್ಕಿತ್ತು. ಅದರೊಳಗೆ ಇದ್ದದ್ದು ನಮ್ಮ ಗುಡ್ಡಗಳ ಚಿರತೆ ಹಲ್ಲಿ. ಅದನ್ನು ಹಿಡಿದರೂ ತಪ್ಪು, ಸಾಕಿದರೂ ತಪ್ಪು. ಇವತ್ತು ಮಧ್ಯಾಹ್ನ ನಾಲ್ಕಕ್ಕೆ ಅಜೀಮನನ್ನು ಕೋರ್ಟಿನ ಮುಂದೆ ನಿಲ್ಲಿಸುವವರಿದ್ದರು.

“ನಿಮ್ಮ ನಾಲಿಗಿ ಹೇಳಿದ್ದನ್ನ ಕೋರ್ಟು ಕೇಳಂಗಿಲ್ರಿ,” ಎಂದ ಅನಿಲಕುಮಾರ. ಒಳ್ಳೆಯ ಮನುಷ್ಯ, ಆದರೆ ಕಾಗದ ಬಿಟ್ಟು ಬೇರೆಯದನ್ನು ನಂಬಿ ರೂಢಿಯಿಲ್ಲ.

“ಅದಕ್ಕ ಈ ಮಣ್ಣಿನ ಮನಿ ಹುಡಕತೀನಿ. ಇನ್ನ ಹತ್ತೂವರಿ. ವ್ಯಾಳ್ಯಾ ಐತಿ.”

ಈ ಕಡೆಯ ರೈತರಿಗೆ ಶಿವಕುಮಾರಿಯ ನಾಲಿಗೆಯ ಬಗ್ಗೆ ಅನುಮಾನವೇ ಇಲ್ಲ. ಸಿಂಧನೂರಿನ ಬೀಜ ಗೊಬ್ಬರದ ಅಂಗಡಿಗಳ ಸಾಲಿನಲ್ಲಿ ಅವಳದೊಂದು ಮಣ್ಣು ಪರೀಕ್ಷೆಯ ಕೋಣೆ. ಕಾಲುವೆ ಕೆಳಗಿನ ಗದ್ದೆಯ ಮಣ್ಣಿರಲಿ, ಮಸ್ಕಿ ಕಡೆಯ ಜೋಳದ ಹೊಲದ್ದಿರಲಿ, ಮಶೀನು ಹೇಳುವ ಮೊದಲೇ ಅವಳ ಬಾಯಿ ಹೇಳಿಬಿಡುತ್ತಿತ್ತು. ಗಂಡ ಮಾತ್ರ, ಉಳಿದ ಹೆಂಗಸರಿಗೆ ಮಣ್ಣು ತಿನ್ನುವ ಬಯಕೆ ಬಸಿರಲ್ಲಿ ಬರುತ್ತದೆ, ನಿನಗೆ ವರ್ಷಪೂರ್ತಿ ಬಸಿರು ಎಂದು ಕಾಡುತ್ತಿದ್ದ. ಆಕೆ ಅದಕ್ಕೂ ನಗುತ್ತಿದ್ದಳು.

ಆದರೆ ಇವತ್ತು ಈ ತೊಟ್ಟಿಯ ಮುಂದೆ ಅವಳಿಗೆ ನಗು ಬರಲಿಲ್ಲ. ಒಂದು ಗಂಟೆಯಿಂದ ಕೂತು ನೋಡಿದರೂ ಕಣ್ಣು ದಣಿದಿರಲಿಲ್ಲ.

ಗೇಣುದ್ದದ ಜೀವ. ಮೈತುಂಬ ಹಳದಿ, ಅದರ ಮೇಲೆ ಕಾಫಿ ಬಣ್ಣದ ಪಟ್ಟೆ, ಪಟ್ಟೆಯ ತುಂಬ ಚುಕ್ಕೆ. ಬಾಲ ಗಜ್ಜರಿಯಷ್ಟು ದಪ್ಪ. ಇದು ಕಡಿದರೆ ಮನುಷ್ಯ ನೀರು ಕೇಳುವುದಿಲ್ಲ ಎಂದು ಹಳ್ಳಿಗಳಲ್ಲಿ ಕಂಡಕಂಡಲ್ಲಿ ಕಲ್ಲೆತ್ತಿ ಕೊಲ್ಲುತ್ತಾರೆ. ಇದಕ್ಕೋ, ಒಂದು ಹನಿ ವಿಷವಿಲ್ಲ. ಶಿವಕುಮಾರಿ ಬಗ್ಗಿದಾಗ ಅದು ತಲೆಯೆತ್ತಿ ಅವಳನ್ನೇ ನೋಡಿತು. ಆಮೇಲೆ ನಿಧಾನಕ್ಕೆ ರೆಪ್ಪೆ ಮುಚ್ಚಿ ತೆರೆಯಿತು. ಮನೆಯ ಹಲ್ಲಿಗೆ ರೆಪ್ಪೆಯೇ ಇರುವುದಿಲ್ಲ. ಇದು ಕಣ್ಣು ಪಿಳುಕಿಸಿದಾಗ ಅವಳಿಗೆ, ಇದೇನಪ್ಪ, ನನ್ನನ್ನು ಮಾತಾಡಿಸುತ್ತಿದೆಯಲ್ಲ ಅನ್ನಿಸಿತು. ಅದರ ಹೊಟ್ಟೆಯ ತೆಳು ಚರ್ಮದೊಳಗೆ ಎರಡು ಮೊಟ್ಟೆ ಬೆಳ್ಳಗೆ ಕಾಣುತ್ತಿದ್ದವು.

“ನೋಡ್ರಿ ಇಲ್ಲಿ,” ಎಂದಳು. “ಕಲ್ಲು ಮಣ್ಣಿನ ಮ್ಯಾಲ ಕೂತಿಲ್ಲ, ಗಾಜಿನ ಮ್ಯಾಲ ಕೂತಾವ. ಮೊದಲು ಕಲ್ಲು ಇಟ್ಟು ಆಮ್ಯಾಲ ಸುತ್ತ ಮಣ್ಣು ತುಂಬ್ಯಾರ. ಹಲ್ಲಿ ಬುಡಕ್ಕ ಕೆದರಿದ್ರೂ ಕಲ್ಲು ಮೈಮ್ಯಾಲ ಬೀಳಂಗಿಲ್ಲ.”

“ಅಂದ್ರ ತಿಳಿದವರು ಕಟ್ಟ್ಯಾರ. ಅಜೀಮಗ ತಿಳೀತೈತಿ.”

“ಕೇಳ್ರಿ ಪೂರ್ತಿ. ಮ್ಯಾಲ ಕೆಂಪು ಮಸಾರಿ, ಬರೋಬ್ಬರಿ ಐತಿ. ಅದರ ಬುಡಕ್ಕ ಒಂದು ಬೆರಳು ದಪ್ಪ ಸವಳು ಬಡದಾರ, ನೀರು ಇಳೀಬಾರದು ಅಂತ. ನೆಲದಾಗ ಅದು ಸರಿ. ಗಾಜಿನಾಗ ನೀರು ಎಲ್ಲಿ ಹೋಗಬೇಕು? ಉಪ್ಪು ಮ್ಯಾಲ ಎದ್ದೈತಿ, ಈ ಮೂಲ್ಯಾಗ ಬೆಳ್ಳಗ ಕಾಣತೈತಲ್ಲ, ಅದ. ಕಟ್ಟಿದವರಿಗೆ ಹಲ್ಲಿ ಗೊತ್ತೈತಿ, ಗಾಜು ಗೊತ್ತಿಲ್ಲ.”

ಅನಿಲಕುಮಾರ ಕಪ್ಪು ಕೆಳಗಿಟ್ಟು ಹತ್ತಿರ ಬಂದ.

“ಇನ್ನ ಇವು.” ಆಕೆ ತೊಟ್ಟಿಯೊಳಗಿನ ಸಣ್ಣಪುಟ್ಟ ಸಾಮಾನಿನತ್ತ ಬೆರಳು ತೋರಿಸಿ ಪಂಚನಾಮದ ಹಾಳೆ ಎತ್ತಿಕೊಂಡಳು. “ಹಲ್ಲಿಯ ಆಹಾರ ಅಂತ ಬರದೀರಿ. ಇದು ಹುಳ ಬಿಟ್ಟು ಏನೂ ಮುಟ್ಟಂಗಿಲ್ರಿ.”

“ಹಂಗಾರ ಅಲಂಕಾರಕ್ಕ ಇಟ್ಟಿರಬೇಕು. ಅಂಗಡ್ಯಾಗ ಇವಕ್ಕ ತೆಂಗಿನ ಚಿಪ್ಪಿನ ಮನಿ ಮಾಡಿ ಇಡ್ತಾರ, ನಾನೂ ನೋಡೀನಿ.”

“ಇದು ಚಿಪ್ಪಲ್ರಿ, ಕೊಬ್ಬರಿ ಬಟ್ಟಲು. ಇದು ಉತ್ತತ್ತಿ. ಇದು ಅರಿಷಿಣ ಕೊಂಬು. ಇದು ಅಡಿಕಿ. ಮಣ್ಣಾಗ ಅಲ್ಲಲ್ಲಿ ಅಕ್ಕಿಕಾಳು ಅದಾವ. ನಿಮ್ಮ ಮನ್ಯಾಗ ಹೆಣ್ಣುಮಗಳು ತವರಿಂದ ಹೊಂಟಾಗ ಏನು ಕೊಟ್ಟು ಕಳಸ್ತಾರ?”

ಅವನು ತೊಟ್ಟಿಯ ಮೇಲೆ ಬಗ್ಗಿದ. ಒಂದೊಂದನ್ನೂ ಮತ್ತೆ ನೋಡಿದ.

“ಉಡಿ,” ಎಂದ ಕಡೆಗೆ.

“ಹೂಂ. ಬಸುರಿ ಹೆಣ್ಣು ನೋಡ್ರಿ. ಯಾರೋ ಇದಕ್ಕ ಉಡಿ ತುಂಬಿ ಕಳಿಸ್ಯಾರ.”

ಕದ್ದು ಹಿಡಿದು ಮಾರುವವರು ಉಡಿ ತುಂಬುವುದಿಲ್ಲ. ಎಲ್ಲೋ ಒಬ್ಬಳು ಈ ಜೀವವನ್ನು ಹೆತ್ತ ಮಗಳಂತೆ ಕಳಿಸಿಕೊಟ್ಟಿದ್ದಾಳೆ ಅಂದರೆ, ಅದರ ತವರೂ ಎಲ್ಲೋ ಇರಬೇಕು.

ಪಕ್ಕದ ಕೋಣೆಯ ಬೆಂಚಿನ ಮೇಲೆ ಅಜೀಮ್ ಕೂತಿದ್ದ. ಇಪ್ಪತ್ತೆಂಟು ವರ್ಷ, ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ. ಬಾಗಿಲ ಹೊರಗೆ ಅವನ ತಂಗಿ ಆರ್ಜೂ ಗೋಡೆಗೆ ಆತು ನಿಂತಿದ್ದಳು. ಬೆಳಿಗ್ಗೆ ಆರಕ್ಕೆ ಶಿವಕುಮಾರಿಯ ಮನೆಯ ಕದ ಬಡಿದು, ನಮ್ಮಣ್ಣನ್ನ ಉಳಿಸ್ರಿ ಅಕ್ಕ ಎಂದು ಅತ್ತವಳು ಇವಳೇ.

“ಅಜೀಮ, ನೀ ನಿನ್ನ ತೊಟ್ಟಿಗೆ ಯಾವ ಮಣ್ಣು ಹಾಕ್ತೀ?”

ಆ ಮಾತಿಗೆ ಅವನ ಮುಖ ಕೊಂಚ ಅರಳಿತು. “ಏಳು ಪಾಲು ಮಸಾರಿ, ಮೂರು ಪಾಲು ಉಸುಕು. ಬರೇ ಉಸುಕು ಹಾಕಿದ್ರ ಹುಳದ ಜತಿ ನುಂಗ್ತಾವ ಅಕ್ಕ, ಹೊಟ್ಟಿ ಕಟ್ಟಿ ಸಾಯ್ತಾವ. ಎರಿ ಮಣ್ಣು ಹಾಕಿದ್ರ ಒಣಗಿ ಬಿರಕ ಬಿಡತೈತಿ, ಬೆರಳು ಸಿಕ್ಕೊಂತಾವ. ಮಸಾರಿ ಜರಡಿ ಹಿಡಿದು, ಬಿಸಲಾಗ ಒಣಗಿಸಿ, ನೀರು ಚಿಮಕಿಸಿ ಬಡೀಬೇಕು.”

“ಗಿಡ, ಕಲ್ಲು?”

“ಒಂದು ಕಡೀ ಬಿಸಿ ಕಲ್ಲು, ಒಂದು ಕಡೀ ತಂಪು. ನಡಬರ್ಕ ಒಣಾ ಬೇರು, ಮೈ ತಿಕ್ಕಿ ಹಳೇ ತೊಗಲಿನ ಪರಿ ಬಿಡಾಕ. ಒಂದು ಹಸಿ ಗೂಡು. ಅದಕ್ಕ ತನ್ನ ಊರು ಬಿಟ್ಟು ಬಂದೀನಿ ಅನ್ನೋದು ಮರೀಬೇಕು, ಹಂಗ ಮಾಡಬೇಕು.”

“ಸವಳು ಹಾಕ್ತೀಯೇನು?”

“ತೋಬಾ. ಕಾಲು ಸುಡತಾವ.” ಹೇಳಿದ ಮೇಲೆ ಅವನಿಗೆ ಪ್ರಶ್ನೆಯ ಅರ್ಥ ಹೊಳೆಯಿತು. ಮುಖ ಮತ್ತೆ ಮುಚ್ಚಿಕೊಂಡಿತು.

“ಹಂಗಾರ ಆ ತೊಟ್ಟಿ ಯಾರು ಕಟ್ಟಿದ್ದು?”

“ನನ್ನ ಅಂಗಡ್ಯಾಗ ಸಿಕ್ಕೈತಿ. ನಂದ ಅನ್ನಬೇಕು.”

“ನಿಂದು ಅಂದ್ರ ವರ್ಷಗಟ್ಟಲೆ ಒಳಗ ಇರಬೇಕಾಗತೈತಿ. ಬಲ್ಲೀ?”

ಅಜೀಮ್ ನೆಲ ನೋಡಿದ. ಶಿವಕುಮಾರಿ ಎಷ್ಟು ಕೇಳಿದರೂ ಅವನಿಂದ ಇನ್ನೊಂದು ಮಾತು ಹೊರಡಲಿಲ್ಲ. ಹಟಮಾರಿ ಎಂದು ಬೈದುಕೊಂಡು ಆಕೆ ಹೊರಗೆ ಬಂದಳು.

“ನಡಿ ಆರ್ಜೂ. ಸಂತೆಕಲ್ಲೂರಿಗೆ ಹೋಗೂಣು.”

ಆರ್ಜೂ ಓಢಣಿಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದವಳು ನಿಲ್ಲಿಸಿದಳು. “ಸಂತೆಕಲ್ಲೂರು ಯಾಕ ಅಕ್ಕ? ಹಟ್ಟಿ ಗಣಿ ಕಡೀ ನೋಡಿದ್ರ ಆಗಂಗಿಲ್ಲೇನು?”

“ಗಣಿ ಊರಾಗ ಕಂಪನಿ ಕ್ವಾರ್ಟರ್ಸು. ಅಲ್ಲಿ ಮಣ್ಣಿನ ಮಾಳಿಗಿ ಎಲ್ಲಿಂದ ತರ್ತೀ?”

ಬಸ್ಸಿನಲ್ಲಿ ಆಕೆ ವಿವರಿಸಿದಳು. ಮಳೆಗಾಲಕ್ಕೆ ಮೊದಲು ಈ ಕಡೆಯ ಹಳೆಯ ಮನೆಗಳವರು ಮಣ್ಣಿನ ಚಾವಣಿಯಾದ ಮಾಳಿಗೆಯ ಮೇಲೆ ಸವಳು ಮಣ್ಣು ಹಾಕಿ ಬಡಿಯುತ್ತಾರೆ. ಅದರಲ್ಲಿ ನೀರು ಇಳಿಯುವುದಿಲ್ಲ, ಹುಲ್ಲು ಹುಟ್ಟುವುದಿಲ್ಲ. ತೊಟ್ಟಿಯ ಸವಳಿನಲ್ಲಿ ಜೋಳದ ಕಾಳಿನಷ್ಟು ಸಣ್ಣ ಸುಣ್ಣದ ಹರಳುಗಳಿದ್ದವು. ಅಂಥ ಸವಳು ಅವಳ ಕೋಣೆಗೆ ಇಪ್ಪತ್ತು ವರ್ಷದಲ್ಲಿ ಬಂದದ್ದು ಒಂದೇ ಜಾಗದಿಂದ, ಸಂತೆಕಲ್ಲೂರಿನ ಹಳ್ಳದ ದಂಡೆಯಿಂದ. ಜೊತೆಗೆ ಜೋಳದ ಸೊಪ್ಪೆಯ ಒಂದು ಕಪ್ಪು ಚೂರು ಸಿಕ್ಕಿತ್ತು. ಅದಕ್ಕೆ ಹಗೇವಿನ ವಾಸನೆಯಿತ್ತು. ನೆಲದೊಳಗಿನ ಆ ಹಳೆಯ ಕಾಳಿನ ಗುಂಡಿಯ ಹುಳಿ ಮುಗ್ಗು ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಸಾಯುವ ತನಕ ಮರೆಯುವುದಿಲ್ಲ.

“ಮಾಳಿಗಿ ಇರಬೇಕು, ಹಗೇವು ಇರಬೇಕು, ಹಿರೇ ಹೆಣ್ಣುಮಗಳು ಇರಬೇಕು. ಅಂಥಾ ಮನಿ ಊರಿಗೆ ಎಷ್ಟಿದ್ದಾವು?”

ಆರ್ಜೂ ಕಿಟಕಿಯ ಕಡೆ ತಿರುಗಿದಳು. ಬೆಳಿಗ್ಗೆ ಸಿಂಧನೂರಿನಿಂದ ಅರಣ್ಯ ಕಚೇರಿಗೆ ಬರುವಾಗ ದಾರಿಯುದ್ದಕ್ಕೂ ಅವಳ ಬಾಯಿ ಸುಮ್ಮನಿರಲಿಲ್ಲ. ಅಣ್ಣನ ಮೀನಿನ ಸುದ್ದಿ, ಅಮ್ಮ ಜಮೀಲಾಬೀ ರಾತ್ರಿ ಉಣ್ಣಲಿಲ್ಲ ಎಂಬ ಸುದ್ದಿ, ತನ್ನ ಕೆಲಸದ ಸುದ್ದಿ. ಕಣ್ಣಿನ ದವಾಖಾನೆಯವರು ನಡೆಸುವ ಕ್ಯಾಂಪುಗಳಿಗೆ ಹಳ್ಳಿಹಳ್ಳಿ ತಿರುಗಿ ಪೊರೆ ಬಂದ ಮುದುಕ ಮುದುಕಿಯರ ಪಟ್ಟಿ ಮಾಡುವುದು ಅವಳ ಕೆಲಸ. ಈಗ ಕಿಟಕಿಯಾಚೆ ಕಲ್ಲುಗುಡ್ಡಗಳನ್ನೇ ನೋಡುತ್ತ ಕೂತಿದ್ದಳು. ಪಾಪ, ಅಣ್ಣನ ಚಿಂತೆ ಎಂದುಕೊಂಡಳು ಶಿವಕುಮಾರಿ.

ಬಸ್ಸಿಳಿದು ಟಂಟಂ ಹಿಡಿದು ಊರು ಮುಟ್ಟಿದಾಗ ಹನ್ನೆರಡು ದಾಟಿತ್ತು. ಚಹಾದಂಗಡಿಯ ರಾಮಣ್ಣ ಇವರ ಪ್ರಶ್ನೆ ಕೇಳಿ ನಕ್ಕ.

“ಹಗೇವು? ಎಲ್ಲಾರೂ ಮುಚ್ಚಿ ಮ್ಯಾಲ ಪರಸಿ ಕಲ್ಲು ಹಾಸ್ಯಾರ್ರಿ. ಪಂಪಮ್ಮನ ಹಿತ್ತಲದಾಗ ಒಂದ ಉಳದೈತಿ. ಆದ್ರ ಆಕಡಿ ಯಾರೂ ಹೋಗಂಗಿಲ್ಲ.”

“ಯಾಕ್ರಿ?”

“ವಿಷದ ಹಲ್ಲಿ ಅದಾವಂತ. ಕಡದ್ರ ನೀರು ಕೇಳಂಗಿಲ್ಲ ಅಂತ.”

“ಯಾರು ಅಂದ್ರು?”

“ಆಕೀನ ಹೇಳ್ತಾಳ್ರಿ, ಕಂಡ ಕಂಡವರಿಗೆಲ್ಲ.”

ಅಬ್ಬಾ ಮುದುಕಿ ಎಂದುಕೊಂಡಳು ಶಿವಕುಮಾರಿ. ಕೀಲಿ ಕದ ಇಲ್ಲದೆ ಇಡೀ ಊರನ್ನು ಹೊರಗಿಟ್ಟಿದ್ದಾಳೆ.

ಪಂಪಮ್ಮ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ತೊಗರಿ ಹಸನು ಮಾಡುತ್ತಿದ್ದಳು. ಎಪ್ಪತ್ತು ದಾಟಿದ ಒಣಮೈ, ಹಣೆತುಂಬ ವಿಭೂತಿ. ಕಣ್ಣು ಮೊರದ ಮೇಲಿರಲಿಲ್ಲ; ಹರಳನ್ನು ಬೆರಳೇ ಹುಡುಕಿ ಎಸೆಯುತ್ತಿತ್ತು. ಕಣ್ಣಪಾಪೆಯ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿತ್ತು.

“ಯಾರವ್ವ?”

“ಸಿಂಧನೂರಿಂದ ಬಂದೀನ್ರಿ ಅಮ್ಮ. ಮಣ್ಣು ಪರೀಕ್ಷಾ ಮಾಡಾಕಿ.”

“ಹೊಲ ಲಾವಣಿ-ಗೇಣಿಗೆ ಕೊಟ್ಟೀವಿ. ಮಾಡೋರನ್ನ ಕೇಳು ಹೋಗು.” ಪಂಪಮ್ಮ ತಲೆ ತಿರುಗಿಸಿದಳು. “ಬಾಗಲದಾಗ ನೆರಳು ಕಾಣತೈತಿ, ಯಾರು?”

“ನನ್ನ ಜತಿ ಬಂದಾಕಿರಿ.”

ಆರ್ಜೂ ಹೊಸ್ತಿಲ ಹತ್ತಿರವೇ ಕುಕ್ಕರಗಾಲಲ್ಲಿ ಕೂತಳು. ಶಿವಕುಮಾರಿ ತೊಟ್ಟಿಯಿಂದ ತಂದ ಮಣ್ಣಿನ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ಸವಳನ್ನು ಮುದುಕಿಯ ಅಂಗೈಗೆ ಹಾಕಿದಳು.

“ಇದು ಯಾವ ಮಣ್ಣು ಅಂತ ಹೇಳ್ರಿ ನೋಡೂಣು.”

ಪಂಪಮ್ಮ ತಿಕ್ಕಿದಳು. ಮೂಸಿದಳು. ಆಮೇಲೆ ಯಾವ ಯೋಚನೆಯೂ ಇಲ್ಲದೆ ಆ ಬೆರಳನ್ನು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಅಂಗುಳಕ್ಕೆ ಒತ್ತಿದಳು.

ಶಿವಕುಮಾರಿ ಉಸಿರು ಹಿಡಿದು ನೋಡಿದಳು. ಇಷ್ಟು ವರ್ಷದಲ್ಲಿ ಬೇರೊಬ್ಬರು ಹೀಗೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಓದಿದ ಕಾಲೇಜಿನಲ್ಲಿ ಯಾರೂ ಕಲಿಸದ್ದನ್ನು ಈ ಕಟ್ಟೆಯ ಮೇಲೆ ಒಬ್ಬಳು ಉಪ್ಪಿನಕಾಯಿ ಸವಿದಷ್ಟು ಸಲೀಸಾಗಿ ಮಾಡುತ್ತಿದ್ದಳು.

“ಯಾರು ಕಲಿಸಿದ್ರು ನಿಮಗ?”

“ಅತ್ತಿ. ಮಾಳಿಗಿ ಮಣ್ಣು ತರೂಮುಂದ ನಾಲಿಗಿಗೆ ಹಚ್ಚಿ ತರಬೇಕು ಅಂತಿದ್ಲು.” ಅಷ್ಟು ಹೇಳಿ ಮುದುಕಿ ಬಾಯಿ ಬಿಗಿಹಿಡಿದಳು.

“ಯಾರ ಮಾಳಿಗಿದು?”

“ನಾ ಏನ ಬಲ್ಲೆ.”

“ನಿಮ್ಮ ನಾಲಿಗಿ ಬಲ್ಲದು, ನನ್ನ ನಾಲಿಗೀನೂ ಬಲ್ಲದು. ಸುಳ್ಳು ಯಾಕ್ರಿ ಅಮ್ಮ?”

ಪಂಪಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದ ಮಾತು ಒಂದೇ.

“ಆಕಿ ಜೀವ ಅದಾಳೇನು?”

“ಅದಾಳ್ರಿ, ಗಟ್ಟಿಮುಟ್ಟು. ಆದ್ರ ಆಕಿ ಸಲುವಾಗಿ ಒಬ್ಬ ಹುಡುಗ ಇವತ್ತ ನಾಲ್ಕಕ್ಕ ಜೈಲಿಗೆ ಹೊಂಟಾನ. ಕದ್ದಾನ ಅಂತ.”

“ಹುಡುಗ?” ಮುದುಕಿಯ ಹುಬ್ಬು ಗಂಟಾಯಿತು. “ನಾ ಯಾವ ಹುಡುಗನ್ನೂ ಕಂಡಿಲ್ಲವ್ವ. ಒಬ್ಬಾಕಿ ಹೆಣ್ಣುಮಗಳು ಗಾಜಿನ ಪೆಟ್ಟಿಗಿ ತಂದಿದ್ಲು. ನಾನ ಮಣ್ಣು ಬಡದು, ಕಲ್ಲು ಕೂಡಿಸಿ, ಉಡಿ ತುಂಬಿ ಕೊಟ್ಟೆ. ನನ್ನ ಕಣ್ಣು ಹೋಗಾಕತ್ತಾವ. ಬಸುರಿ, ಬಾಣಂತಿ ಯಾರು ನೋಡಬೇಕು?”

“ಯಾರು ಆ ಹೆಣ್ಣುಮಗಳು?”

“ಹೇಳಂಗಿಲ್ಲ.”

“ನಿರಪರಾಧಿ ಒಬ್ಬ ಒಳಗ ಹೋಗ್ತಾನ್ರಿ.”

“ಕದ್ದಿಲ್ಲ ಅಂತ ನಾ ಬಂದು ಹೇಳ್ತೀನಿ, ನಡಿ. ಹಿಡಿದಿಟ್ಟಾಕಿ ನಾನು, ಹಾಕಲಿ ನನ್ನ. ಆದ್ರ ಉಡಿ ತುಂಬಿ ಕಳಿಸಿದ ಕೈಲೆ ಆ ಹೆಣ್ಣುಮಗಳ ಹೆಸರು ಬರಸಾಕ ಹಚ್ಚಬ್ಯಾಡ.” ಪಂಪಮ್ಮ ಗೋಡೆ ಹಿಡಿದು ಎದ್ದಳು. “ಅದಕ್ಕಿಂತ ಮೊದಲು ನೀ ಒಮ್ಮೆ ನೋಡು. ಮಣ್ಣಿನ ರುಚಿ ಬಲ್ಲಾಕಿ, ನಿನಗ ತೋರಸಬೇಕು. ನಾ ಹ್ವಾದ ಮ್ಯಾಲ ಇದನ್ನ ಯಾರು ನೋಡೋರದಾರ?”

ಹಿತ್ತಲ ನಡುವೆ ಒಂದು ಚಪ್ಪಡಿ. ಅರ್ಧ ಸರಿದಿತ್ತು, ಬಾಯಿಗೆ ತೆಳು ಜಾಳಿಗೆ ಬಿಗಿದಿತ್ತು. ಪಕ್ಕದಲ್ಲಿ ಒಂದು ಸ್ಟೀಲಿನ ತಾಟು ಎರಡು ಕಲ್ಲಿನ ನಡುವೆ ಓರೆಯಾಗಿ ನಿಂತಿತ್ತು.

“ಮೊದಲು ದೀಪ ಇಳಿಸು,” ಎಂದಳು ಪಂಪಮ್ಮ. “ದೀಪ ಆರಿದ್ರ ಇಳಿಬ್ಯಾಡ. ಹಗೇವಿನ ಗಾಳಿ ನಂಬಬಾರದು.”

ಜಾಳಿಗೆ ಬಿಚ್ಚಿದ ಮೇಲೆ ಹಗ್ಗಕ್ಕೆ ಕಟ್ಟಿದ ಕಂದೀಲು ಕೆಳಗಿಳಿದು ಉರಿಯುತ್ತಲೇ ಇತ್ತು. ಶಿವಕುಮಾರಿ ಸೀರೆ ಕಚ್ಚೆ ಕಟ್ಟಿ ಬಿದಿರಿನ ಏಣಿ ಇಳಿದಳು. ಮೊದಲು ಕಿರಿದಾದ ಕೊರಳು, ಆಮೇಲೆ ಗಡಿಗೆಯ ಹೊಟ್ಟೆಯಂಥ ಅಗಲ. ತಂಪು. ಜೋಳದ ಹಳೆಯ ವಾಸನೆ.

ಮೇಲಿಂದ ಪಂಪಮ್ಮ ತಾಟನ್ನು ಒಂದಿಷ್ಟು ತಿರುಗಿಸಿದಳು. ಬಿಸಿಲಿನ ಒಂದು ತುಂಡು ಕೊರಳಿನೊಳಗಿಂದ ಜಾರಿ ಕೆಳಗೆ ಬಿತ್ತು.

ಶಿವಕುಮಾರಿ ಏಣಿಯ ಕೊನೆಯ ಮೆಟ್ಟಿಲ ಮೇಲೆ ಹಾಗೆಯೇ ನಿಂತುಬಿಟ್ಟಳು.

ಅಲ್ಲೊಂದು ಗುಡ್ಡವಿತ್ತು. ಮಸ್ಕಿಯ ಗುಡ್ಡಗಳಲ್ಲಿ ಕಲ್ಲಿನ ಮೇಲೆ ಕಲ್ಲು ಹೇಗೆ ಕೂತಿರುತ್ತದೋ ಹಾಗೆಯೇ, ಆದರೆ ಎದೆಯೆತ್ತರ. ಗೋಡೆಗೆಲ್ಲ ಸವಳು ಬಡಿದು ನುಣುಪು ಮಾಡಿತ್ತು, ಮಳೆಯ ಒಂದು ಹನಿ ಒಳಗೆ ಬರದಂತೆ. ನೆಲಕ್ಕೆ ಕೆಂಪು ಮಸಾರಿ, ಸಾರಣೆ ಮಾಡಿದ ಅಡಿಗೆಮನೆಯಂತೆ ಗಟ್ಟಿ. ಬಿಸಿಲು ಬಿದ್ದದ್ದು ಸರಿಯಾಗಿ ಒಂದು ಚಪ್ಪಟೆ ಕರಿಗಲ್ಲಿನ ಮೇಲೆ. ಹೊತ್ತು ಸರಿದಂತೆ ಮುದುಕಿ ಮೇಲೆ ತಾಟು ಸರಿಸುತ್ತಾಳೆ, ಇಲ್ಲಿ ಕಲ್ಲು ಕಾಯುತ್ತಲೇ ಇರುತ್ತದೆ. ಆಚೆ ಬದಿಗೆ ಒಡೆದ ಗಡಿಗೆಯ ಅರ್ಧಗಳು ಬೋರಲು ಮಲಗಿದ್ದವು, ಒಂದೊಂದಕ್ಕೂ ಬೆರಳಗಲದ ಬಾಗಿಲು. ಕರಿಜಾಲಿಯ ಒಣಬೇರು ಕಲ್ಲಿನಿಂದ ಕಲ್ಲಿಗೆ ಸೇತುವೆಯಾಗಿತ್ತು, ಅದರ ಸಿಪ್ಪೆಯಲ್ಲಿ ಹಲ್ಲಿಯ ಪರೆಯ ಚೂರು ಸಿಕ್ಕಿಕೊಂಡಿತ್ತು.

ಆಮೇಲೆ ಕಣ್ಣು ಕತ್ತಲಿಗೆ ಒಗ್ಗಿತು. ಒಂದು ತಲೆ. ಗಡಿಗೆಯೊಳಗಿಂದ ಇನ್ನೊಂದು. ಬೇರಿನ ಮೇಲೆ ಎರಡು. ಕಲ್ಲಿನ ಸಂದಿಯಲ್ಲಿ ಬೆರಳುದ್ದದ ಮರಿ, ಕಪ್ಪು ಹಳದಿ ಪಟ್ಟೆ, ಈಗ ತಾನೇ ಬಣ್ಣ ಬಳಿದಂತೆ. ಹನ್ನೊಂದರ ತನಕ ಎಣಿಸಿ ಅವಳು ಎಣಿಕೆ ಬಿಟ್ಟಳು. ಎಲ್ಲವೂ ಅವಳನ್ನು ನೋಡಿದವು. ಒಂದಾದ ಮೇಲೊಂದು ರೆಪ್ಪೆ ಮುಚ್ಚಿ ತೆರೆದವು.

ಶಿವಕುಮಾರಿಯ ಕಣ್ಣಲ್ಲಿ ನೀರು ಬಂತು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ದೇವರ ಗುಡಿಯೊಳಗೂ ಅವಳು ಇಷ್ಟು ಮೆತ್ತಗೆ ಉಸಿರಾಡಿದ್ದಿಲ್ಲ.

“ಇಪ್ಪತ್ತಾರು ವರ್ಷ ಆತು,” ಮೇಲಿಂದ ದನಿ ಇಳಿದು ಬಂತು. “ಹಗೇವು ಖಾಲಿ ಆದ ವರ್ಷ ಒಂದು ಜೋಡಿ ಒಳಗ ಬಿದ್ದಿದ್ದವು. ಮನಿಯವರು ಕೊಲ್ಲಾಕ ಬಡಿಗಿ ತಂದ್ರು. ನಾ ಕಂದೀಲು ಹಿಡದೆ. ಅದು ನನ್ನ ನೋಡಿ ಕಣ್ಣು ಮುಚ್ಚಿ ತೆಗೀತು. ಕಣ್ಣು ಮುಚ್ಚೋ ಜೀವಕ್ಕ ಹೆದರಿಕಿ ಗೊತ್ತಿರತೈತಿ ಅಂತ ಬಡಿಗಿ ಕಸಗೊಂಡೆ.”

“ಇದನ್ನೆಲ್ಲ ಯಾರು ಹೇಳಿಕೊಟ್ರು?”

“ಅವ ಹೇಳಿದ್ವು. ಉಸುಕು ಹಾಕಿದೆ, ಒಂದು ಸತ್ತಿತು. ಎರಿ ಹಾಕಿದೆ, ಒಂದರ ಕಾಲು ಸಿಕ್ಕೊಂತು. ಮಸಾರಿ ಹಾಕಿದೆ, ಗೂಡು ತೋಡಿದ್ವು. ಕಲ್ಲು ಎಲ್ಲಿ ಇಡಬೇಕು ಅಂತ ಒಂದು ವರ್ಷ ಕೂತು ನೋಡೀನಿ. ಬಾಲ ನೋಡು, ಎಷ್ಟು ದಪ್ಪ. ಬುತ್ತಿ ಅದು. ಬಾಲದಾಗ ಬುತ್ತಿ ಕಟಗೊಂಡ ತಿರಗತಾವ.”

ಪುಸ್ತಕವಿಲ್ಲ, ಫೋನಿಲ್ಲ. ಅಜೀಮ್ ದೇಶವಿದೇಶದ ವಿಡಿಯೋ ನೋಡಿ ಕಲಿತದ್ದನ್ನು ಈ ಮುದುಕಿ ಗುಂಡಿಯ ಬಾಯಲ್ಲಿ ಕೂತು ಕಲಿತಿದ್ದಳು. ಕಾನೂನಿನ ಲೆಕ್ಕದಲ್ಲಿ ಇಲ್ಲಿರುವ ಒಂದೊಂದೂ ಒಂದೊಂದು ಅಪರಾಧ. ಅನಿಲಕುಮಾರ ಬಂದು ಇದನ್ನು ಕಂಡರೆ ಸಂಜೆಯೊಳಗೆ ಕಲ್ಲು ಒಂದು ಕಡೆ, ಗಡಿಗೆ ಒಂದು ಕಡೆ, ಈ ಜೀವಗಳು ರಟ್ಟಿನ ಡಬ್ಬಿಯಲ್ಲಿ. ಕಾಣಿಸದಿದ್ದರೆ ಅಜೀಮ್ ಜೈಲಿನಲ್ಲಿ.

ಏಣಿ ಹತ್ತಿ ಹೊರಗೆ ಬರುವಷ್ಟರಲ್ಲಿ ಪಕ್ಕದಲ್ಲಿಟ್ಟಿದ್ದ ಫೋನು ಬಡಿದುಕೊಳ್ಳುತ್ತಿತ್ತು. ಕೈಯೆಲ್ಲ ಮಣ್ಣು. ಗೆಣ್ಣಿನಿಂದ ಸ್ಪೀಕರ್ ಒತ್ತಿ ಫೋನನ್ನು ಚಪ್ಪಡಿಯ ಮೇಲಿಟ್ಟಳು. ಆರ್ಜೂ ಯಾವಾಗಲೋ ಹಿತ್ತಲಿಗೆ ಬಂದು ಗೋಡೆಯ ಬದಿಗೆ ನಿಂತಿದ್ದಳು.

“ಮೇಡಂ, ಇನ್ನ ತಿರುಗೂದು ಬ್ಯಾಡ್ರಿ,” ಅನಿಲಕುಮಾರನ ದನಿ. “ಅಜೀಮ ಒಪ್ಪಿಕೊಂಡಾನ. ತಾನ ಗುಡ್ಡಕ್ಕ ಹೋಗಿ ಹಿಡದೆ, ತೊಟ್ಟಿ ತಾನ ಕಟ್ಟಿದೆ ಅಂತ ಬರದು ಸಹಿ ಮಾಡ್ಯಾನ.”

ಶಿವಕುಮಾರಿಗೆ ತಲೆಗೆ ಹೋಗಲಿಲ್ಲ. ಸವಳು ಅಂದರೆ ತೋಬಾ ಅಂದವನು ಸವಳು ಬಡಿದೆ ಎಂದು ಯಾಕೆ ಬರೆದುಕೊಟ್ಟ? ಯಾರ ಸಲುವಾಗಿ?

“ಸುಳ್ಳದು,” ಗೋಡೆಯ ಬದಿಯಿಂದ ಆರ್ಜೂ ಕಿರುಚಿದಳು. ಈ ಮನೆಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು. “ಭಾಯಿ ಸುಳ್ಳು ಹೇಳಾಕತ್ತಾನ. ಅವ ಒಂದು ದಿನಾನೂ ಗುಡ್ಡ ಹತ್ತಿಲ್ಲ.”

ತಾಟಿನ ಮೇಲಿದ್ದ ಪಂಪಮ್ಮನ ಕೈ ಜಾರಿತು. ಹಗೇವಿನೊಳಗಿನ ಬಿಸಿಲು ಆರಿಹೋಯಿತು. ಮುದುಕಿ ಆ ದನಿ ಬಂದ ಕಡೆಗೆ ಎರಡೂ ಕೈ ಚಾಚಿ ತಿರುಗಿದಳು, ಪೊರೆಗಣ್ಣು ಅಗಲಿಸಿ, ಮುಖದ ತುಂಬ ಸಂತೋಷ.

“ಆರ್ಜವ್ವಾ, ನೀನೇನ? ಬಂದು ಇಷ್ಟೊತ್ತಾತು, ಯಾಕ ಮಾತಾಡಲಿಲ್ಲ ಬೇ?”

ಆರ್ಜೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಶಿವಕುಮಾರಿ ಅವಳನ್ನು ನೋಡಿದಳು, ಮುದುಕಿಯನ್ನು ನೋಡಿದಳು. ಪೊರೆಯವರ ಪಟ್ಟಿಗೆಂದು ಈ ಮನೆಗೆ ಬಂದು ತೊಟ್ಟಿ ಒಯ್ದವಳು ಇವಳೇ. ಅಜೀಮ್ ಬೆಳಿಗ್ಗೆ ಯಾಕೆ ನೆಲ ನೋಡಿದ ಎಂಬುದು ಈಗ ತಿಳಿಯಿತು. ಅಣ್ಣನನ್ನು ಬಿಡಿಸುವ ಮಾತು ಸಿಕ್ಕಿತ್ತು, ಆದರೆ ಆ ಮಾತು ಆಡಿದರೆ ಜೈಲಿಗೆ ಹೋಗಬೇಕಾದವಳು ತಂಗಿ.

ಚಪ್ಪಡಿಯ ಮೇಲಿನ ಫೋನು ಇನ್ನೂ ಆರಿರಲಿಲ್ಲ.

“ಮೇಡಂ,” ಎಂದ ಅನಿಲಕುಮಾರ, ಮೆಲ್ಲಗೆ. “ಈಗ ಮಾತಾಡಿದ ಮುದುಕಿ ಯಾರ್ರಿ? ನೀವು ಯಾವ ಊರಾಗ ಅದೀರಿ?”